ಗಾಲಿಜೋಡಿಗಿಂತ ಅಂಗಳ ಮೊದಲು

ಸ್ಕೇಟಿಂಗ್ ನಗರದ ಸಿರಿವಂತರ ಮಕ್ಕಳ ವಿನೋದವೆಂಬ ಭಾವನೆ ಗ್ರಾಮಾಂತರದಲ್ಲಿ ಇನ್ನೂ ಅಳಿದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ಭಾರತದ ಪುರುಷರೂ ಮಹಿಳೆಯರೂ ಕಂಚು ಗಳಿಸಿದರು. 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರ್ ಓಟದಲ್ಲಿ ವಿಶ್ವವಿಜೇತರಾದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮಕ್ಕಳೂ ಇದಕ್ಕೆ ಆಶಿಸುವುದು ಸಹಜವೇ ಆಗಿದೆ.

ಆದರೆ ಹುಣಸೂರನ್ನು ಹಾದುಹೋಗುವ ಮೈಸೂರು–ಮಡಿಕೇರಿ ಹೆದ್ದಾರಿ ಅಭ್ಯಾಸದ ಕಣವಲ್ಲ. ಬಿರುಕಿಲ್ಲದ, ಮರಳಿಲ್ಲದ ಸಿಮೆಂಟಿನ ಅಂಗಳವೇ ಮೊದಲ ಸಲಕರಣೆ. ಹೆಲ್ಮೆಟ್ಟು, ಮೊಣಕಾಲು, ಮೊಣಕೈ, ಮಣಿಕಟ್ಟುಗಳ ರಕ್ಷೆಯಿಲ್ಲದೆ ಕೊಟ್ಟ ಗಾಲಿಜೋಡು ಅರ್ಧ ದಾನವೇ ಸರಿ.

ಕಲಿಕೆಗೂ ಕ್ರಮವುಂಟು. ಮೊಣಕಾಲು ಬಾಗಿಸಿ ನಿಲ್ಲುವುದು, ಹಿಮ್ಮಡಿಯ ಬ್ರೇಕಿನಿಂದ ತಡೆಯುವುದು, ಬೀಳುವಾಗ ಹಿಂದಕ್ಕೆ ಬೀಳದೆ ರಕ್ಷೆ ಕಟ್ಟಿದ ಮೊಣಕಾಲ ಮೇಲೆ ಮುಂದಕ್ಕೆ ಜಾರುವುದು: ಇವು ಮೊದಲು, ವೇಗವು ಅನಂತರ. ನಿಲ್ಲಲು ಬಾರದವನಿಗೆ ಓಡಲು ಕಲಿಸುವುದು ಶಿಕ್ಷಣವಲ್ಲ.

ಬೆಳೆಯುವ ಮಗುವಿನ ಪಾದಕ್ಕೆ ಇಂದಿನ ಜೋಡು ನಾಳೆ ಬಿಗಿ. ಒಬ್ಬನಿಗೆ ಕೊಂಡದ್ದು ಮೂಲೆ ಸೇರುತ್ತದೆ. ಶಾಲೆಯ ಸ್ವತ್ತಾದರೆ ಕಿರಿಯನ ಕಾಲಿಗೆ ಒದಗುತ್ತದೆ. ಆದಕಾರಣ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಪ್ರತಿಭಾವಂತನೊಬ್ಬನನ್ನು ಅರಸುವುದಕ್ಕಿಂತ ಎಲ್ಲರಿಗೂ ತೆರೆದ ಅಂಗಳವೊಂದನ್ನು ಕಟ್ಟಿಕೊಡುವುದು ಮೇಲು. ಕೂಲಿಕಾರನ ಮಗಳೂ ಅಲ್ಲಿ ನಿರ್ಭಯವಾಗಿ ಬಿದ್ದು ಏಳಲಿ.