ಮುಖ ಬೇಡ, ಸೊಂಟ ನೋಡು

ಮೊದಲ ನಾಲ್ಕು ಪಂದ್ಯ ಸೋತ ಮೇಲೆ, ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಪ್ಪ, ಮುಂದಿನ ಶನಿವಾರ ನಾನು ಬರಲೇಬೇಕಾ?" ಅವಳಿಗೆ ಒಂಬತ್ತು ವರ್ಷ. ಸೋತದ್ದಕ್ಕಿಂತ ಹೆಚ್ಚಾಗಿ ಅವಳನ್ನು ನೋಯಿಸಿದ್ದು ಬೇರೆ. ನಾಲ್ಕು ಪಂದ್ಯಗಳಲ್ಲಿ ಒಬ್ಬರೂ ಅವಳಿಗೆ ಒಂದು ಪಾಸ್ ಕೊಟ್ಟಿರಲಿಲ್ಲ.

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಹಲವರಿಗೆ ಇದು ಗೊತ್ತಿರುವ ಕಥೆ. ಫ್ಲ್ಯಾಗ್ ಫುಟ್‌ಬಾಲ್ ತಂಡಕ್ಕೆ ಕೋಚ್ ಬೇಕೆಂದು ಈಮೇಲ್ ಬರುತ್ತದೆ, ಯಾರೂ ಮುಂದೆ ಬರುವುದಿಲ್ಲ. ಕೊನೆಗೆ ಕ್ರಿಕೆಟ್ ಬಿಟ್ಟು ಬೇರೇನೂ ಆಡದ ಅಪ್ಪನೊಬ್ಬ ಸೀಟಿ ಹಿಡಿದು ನಿಲ್ಲುತ್ತಾನೆ. ನಾನೂ ಹಾಗೆ ನಿಂತವನು.

"ಸೋಲೂ ಪಾಠವೇ" ಎಂದು ಹೇಳುವುದು ನಮಗೆ ಸುಲಭ. ಆದರೆ ಪ್ರತಿ ಶನಿವಾರವೂ ಸೋಲುವ ಮಗುವಿಗೆ ಆಗಾಗ ಗೆಲುವಿನ ರುಚಿಯೂ ಬೇಕು. ಅದಕ್ಕೆ ನಮಗೆ ನೆರವಾದದ್ದು ಮೂರು ವಿಷಯ.

ಮೊದಲನೆಯದು, ಫ್ಲ್ಯಾಗ್ ಕೀಳುವುದು. ಮಕ್ಕಳ ಲೀಗುಗಳಲ್ಲಿ ಸಾಮಾನ್ಯವಾಗಿ ಐದೈದು ಮಂದಿಯ ಆಟ. ಯಾರನ್ನೂ ಕೆಡವುವಂತಿಲ್ಲ. ಚೆಂಡು ಹಿಡಿದವರ ಸೊಂಟದ ಬೆಲ್ಟಿನಲ್ಲಿ ನೇತಾಡುವ ಫ್ಲ್ಯಾಗ್ ಕಿತ್ತರೆ ಓಟ ಅಲ್ಲಿಗೇ ಮುಗಿಯಿತು. ನಮ್ಮ ಮಕ್ಕಳು ಎದುರಾಳಿಯ ಮುಖ ನೋಡಿ ಮೋಸ ಹೋಗುತ್ತಿದ್ದರು. ತಲೆ ಎಡಕ್ಕೆ ವಾಲಿಸಿ ಬಲಕ್ಕೆ ಓಡಬಹುದು, ಆದರೆ ಸೊಂಟ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಮೊಣಕಾಲು ಬಗ್ಗಿಸಿ, ಪುಟ್ಟ ಹೆಜ್ಜೆ ಇಡುತ್ತಾ ಹತ್ತಿರ ಹೋಗಿ, ಆಮೇಲೆ ಕೈ ಹಾಕಬೇಕು. ಪ್ರತಿ ಅಭ್ಯಾಸದಲ್ಲಿ ಹತ್ತು ನಿಮಿಷ ಇದಕ್ಕೇ ಮೀಸಲಿಟ್ಟೆವು.

ಎರಡನೆಯದು, ಪ್ಲೇಗಳನ್ನು ಕಡಿಮೆ ಮಾಡಿದ್ದು. ಇಂಟರ್ನೆಟ್‌ನಿಂದ ನಾನು ಇಳಿಸಿಕೊಂಡಿದ್ದ ಇಪ್ಪತ್ತು ಪ್ಲೇಗಳಲ್ಲಿ ಒಂದೂ ಮಕ್ಕಳ ನೆನಪಿನಲ್ಲಿ ನಿಲ್ಲಲಿಲ್ಲ. ನಾಲ್ಕನ್ನೇ ಇಟ್ಟುಕೊಂಡು, ನಾಲ್ಕೂ ಒಂದೇ ರೀತಿ ನಿಂತು ಶುರುವಾಗುವಂತೆ ಮಾಡಿದೆ. ಯಾವುದು ಬರುತ್ತದೆಂದು ಎದುರಾಳಿಗೆ ತಿಳಿಯದು, ನಮ್ಮವರಿಗೂ ಗೊಂದಲವಿಲ್ಲ.

ಮೂರನೆಯದು, ನಿಯಮ ಓದಿದ್ದು. ಅನೇಕ ಲೀಗುಗಳಲ್ಲಿ ನಡುಗೆರೆಗೂ ಎಂಡ್ ಜೋನ್‌ಗೂ ಮುಂಚಿನ 5 ಗಜದಲ್ಲಿ ಚೆಂಡು ಹಿಡಿದು ಓಡುವ ಪ್ಲೇ ನಡೆಯುವುದಿಲ್ಲ, ಪಾಸ್ ಮಾಡಲೇಬೇಕು. ಓಟವನ್ನೇ ನಂಬಿದ್ದ ನಾವು ಪ್ರತಿ ಸಲ ಅಲ್ಲೇ ಸಿಕ್ಕಿಬೀಳುತ್ತಿದ್ದೆವು. ಆ ಜಾಗಕ್ಕೆಂದೇ ಒಂದು ಸಣ್ಣ ಪಾಸ್ ಕಲಿಸಿದೆ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು, ನಾಲ್ಕು ಹೆಜ್ಜೆ ಮುಂದೆ ಓಡಿ, ತಿರುಗಿ ಕ್ಯಾಚ್ ಹಿಡಿಯುವುದು. ಎಲ್ಲರ ಕಣ್ಣೂ ಅಂಚಿನಲ್ಲಿರುವ ವೇಗದ ಹುಡುಗರ ಮೇಲಿರುವಾಗ ಸೆಂಟರನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಸೆಂಟರ್ ನನ್ನ ಮಗಳು.

ಮನೆಯ ಅಭ್ಯಾಸ ನಡೆದದ್ದು ಕನ್ನಡದಲ್ಲಿ. ಊರಿಂದ ಬಂದಿದ್ದ ಅಜ್ಜಿ ಅಡುಗೆಮನೆಯ ಎರಡು ಟವೆಲ್‌ಗಳನ್ನು ಅವಳ ಸೊಂಟಕ್ಕೆ ಸಿಕ್ಕಿಸಿ, "ಇದು ನಮ್ಮ ಜೂಟಾಟವೇ ಅಲ್ವೇನೋ" ಎಂದು ನನ್ನನ್ನೂ ಹಿತ್ತಲಲ್ಲಿ ಓಡಿಸಿದರು. "ಮುಖ ಬೇಡ, ಸೊಂಟ ನೋಡು ಪುಟ್ಟಿ!" ಎಂಬ ಕೂಗು ವಾರವಿಡೀ ಕೇಳಿಸಿತು. ಎಷ್ಟು ಹೇಳಿಕೊಟ್ಟರೂ ತಿರುವುಮುರುವಾಗುತ್ತಿದ್ದ ಎಡ-ಬಲ ಹತ್ತು ದಿನದಲ್ಲಿ ಸರಿಹೋಯಿತು. ಬಗ್ಗು, ತಿರುಗು, ಅಡ್ಡ ನಿಲ್ಲು, ಬಿಡಬೇಡ: ಇವೆಲ್ಲ ಮೈಗೆ ಹತ್ತುವ ಮಾತುಗಳು, ಓಡುತ್ತಲೇ ಕಲಿಯಬೇಕು.

ಆದರೆ ಒಂದು ಎಚ್ಚರಿಕೆ. ಪಂದ್ಯದ ದಿನ ಗೆರೆಯಾಚೆಯಿಂದ ನಾನು ಕನ್ನಡದಲ್ಲಿ ಕೂಗಿದಾಗ ಮಗಳು ಮುಖ ತಿರುಗಿಸಿದಳು. ಅದು ಅವಳ ಗೆಳೆಯರ ಜಾಗ, ಎಲ್ಲರಿಗೂ ಅರ್ಥವಾಗುವ ಮಾತು ಬೇಕು. ಅಂದಿನಿಂದ ಮೈದಾನದಲ್ಲಿ ಇಂಗ್ಲಿಷ್, ಕಾರಿನಲ್ಲಿ ಕನ್ನಡ ಎಂದು ಒಪ್ಪಂದ ಮಾಡಿಕೊಂಡೆವು.

ಆರನೆಯ ಪಂದ್ಯದಲ್ಲಿ ಆ ಸಣ್ಣ ಪಾಸ್ ಅವಳ ಕೈಸೇರಿತು. ಹಿಡಿದಳು, ಎರಡು ಹೆಜ್ಜೆ ಇಟ್ಟು ಎಂಡ್ ಜೋನ್ ದಾಟಿದಳು. ಆ ಪಂದ್ಯವನ್ನೂ ಸೋತೆವು. ಮುಂದಿನ ಎರಡನ್ನು ಗೆದ್ದೆವು.

ಆದರೆ ನನಗೆ ನೆನಪಿರುವುದು ಸೋತ ಆ ದಿನವೇ. ಕಾರು ಹತ್ತಿದವಳು ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದಳು: "ಅಪ್ಪ, ಮುಂದಿನ ಶನಿವಾರ ಎಷ್ಟು ಗಂಟೆಗೆ?"