ಒಂದು ಹನಿಯ ತೀಕ್ಷ್ಣತೆ

ಕಳೆದ ತಿಂಗಳು ಶ್ರೀಮಠದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಹಿರಿಯ ಭಕ್ತರೊಬ್ಬರು ನಮ್ಮ ಮುಂದೆ ಪುಟ್ಟ ಸೀಸೆಯೊಂದನ್ನಿಟ್ಟು, "ಇದು ಮೈಕ್ರೋವೇವ್ ಯಂತ್ರದಲ್ಲಿ ತೆಗೆದ ಓಮದ ಎಣ್ಣೆಯಂತೆ. ವಿಕಿರಣ ತಾಗಿದ್ದು ಆಯುರ್ವೇದಕ್ಕೆ ಸಮ್ಮತವೇ, ಡಾಕ್ಟರೇ?" ಎಂದು ಕೇಳಿದರು. ಸೀಸೆ ಆಗಲೇ ಅರ್ಧ ಬರಿದಾಗಿತ್ತು. ಮೊದಲೆಲ್ಲ ಊಟವಾದ ಮೇಲೆ ಓಮದ ಅರ್ಕ ಕುಡಿಯುತ್ತಿದ್ದವರು, ಇದೂ ಅದೇ ಎಂದು ಭಾವಿಸಿ ಹತ್ತು ಹತ್ತು ಹನಿ ನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ವಾರದಿಂದ ಹೊಟ್ಟೆಯುರಿ. ಅವರು ಅಂಜಿದ್ದು ತರಂಗಕ್ಕೆ; ನಾವು ಅಂಜಿದ್ದು ಆ ಹತ್ತು ಹನಿಗೆ.

ಭಟ್ಟಿ ಇಳಿಸುವ ವಿದ್ಯೆ ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ರಾವಣಕೃತವೆಂದು ಹೇಳಲಾಗುವ 'ಅರ್ಕಪ್ರಕಾಶ'ವೆಂಬ ಗ್ರಂಥವೇ ಅರ್ಕಗಳಿಗೆ ಮೀಸಲಾಗಿದೆ. ರೂಢಿಯ ಭಟ್ಟಿಯಲ್ಲಿ ಬೆಂಕಿಯು ಮೊದಲು ಹಂಡೆಯನ್ನು, ಬಳಿಕ ನೀರನ್ನು, ಕೊನೆಗೆ ಸೊಪ್ಪನ್ನು ಕಾಯಿಸುತ್ತದೆ. ಮೈಕ್ರೋವೇವ್ ತರಂಗವಾದರೋ ಎಲೆಯೊಳಗಿನ ನೀರನ್ನೇ ನೇರವಾಗಿ ಕಾಯಿಸುತ್ತದೆ. ಪರಿಮಳವನ್ನು ಹಿಡಿದಿಟ್ಟುಕೊಂಡ ಸೂಕ್ಷ್ಮ ಗ್ರಂಥಿಗಳು ಒಳಗಿನ ಒತ್ತಡಕ್ಕೆ ಒಡೆದು ಎಣ್ಣೆಯು ಆವಿಯೊಡನೆ ಹೊರಬರುತ್ತದೆ; ಆವಿಯನ್ನು ತಂಪುಗೊಳಿಸಿದರೆ ನೀರು, ಎಣ್ಣೆ ಬೇರೆಯಾಗುತ್ತವೆ. ಓಮದಂಥ ಒಣ ಕಾಳನ್ನು ಮೊದಲು ನೆನೆಸಿಕೊಳ್ಳಬೇಕು. 2004ರಲ್ಲಿ ಪ್ರಕಟವಾದ ಫ್ರೆಂಚ್ ವಿಜ್ಞಾನಿಗಳ ಪ್ರಯೋಗವೊಂದರಲ್ಲಿ ಕಾಮಕಸ್ತೂರಿ, ಪುದೀನ, ಥೈಮ್ ಸೊಪ್ಪುಗಳಿಂದ, ಹೊರಗಿನ ನೀರು ಸೇರಿಸದೆಯೇ, 30 ನಿಮಿಷದಲ್ಲಿ ಎಣ್ಣೆ ತೆಗೆಯಲಾಯಿತು. ನೀರಿನಲ್ಲಿ ಕುದಿಸಿ ಇಳಿಸುವ ಕ್ರಮದಲ್ಲಿ ಅದಕ್ಕೆ ನಾಲ್ಕೂವರೆ ಗಂಟೆ ಹಿಡಿಯಿತು. ಇಳುವರಿ ಹೆಚ್ಚುಕಡಿಮೆ ಸಮವೇ. ಇಷ್ಟು ಇಂಧನ ಉಳಿಸುವ ವಿಧಾನವನ್ನು ಹೊಸತೆಂಬ ಒಂದೇ ಕಾರಣಕ್ಕೆ ಹಳಿಯುವುದು ನಮಗೆ ಒಪ್ಪಿಗೆಯಿಲ್ಲ.

ವಿಕಿರಣದ ಭಯವೂ ಬೇಡ. ಈ ತರಂಗಗಳು ರೇಡಿಯೊ ತರಂಗಗಳ ಬಳಗದವು. ವಿದ್ಯುತ್ ನಿಂತೊಡನೆ ಅವೂ ನಿಲ್ಲುತ್ತವೆ, ಎಣ್ಣೆಯಲ್ಲಿ ಉಳಿಯುವುದಿಲ್ಲ. ಹಾಗೆಂದು ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಯಾರೂ ಇಂಥ ಪ್ರಯೋಗಕ್ಕೆ ಕೈಹಾಕಬಾರದು; ಈ ಎಣ್ಣೆಗಳ ಆವಿ ಬೆಂಕಿ ಹಿಡಿಯುವಂಥದು.

ನಮ್ಮ ತಕರಾರಿರುವುದು 'ಎಣ್ಣೆ' ಎಂಬ ಹೆಸರಿನ ಮೇಲೆ. ಆಯುರ್ವೇದದ ತೈಲಪಾಕದಲ್ಲಿ ಒಂದು ಪಾಲು ಕಲ್ಕಕ್ಕೆ ನಾಲ್ಕು ಪಾಲು ಎಳ್ಳೆಣ್ಣೆ, ಹದಿನಾರು ಪಾಲು ಕಷಾಯಾದಿ ದ್ರವವೆಂಬುದು ಸಾಮಾನ್ಯ ವಿಧಿ. ಮೂಲಿಕೆಯ ಗುಣವು ಅಲ್ಲಿ ಸ್ನೇಹದಲ್ಲಿ ಹರಡಿಕೊಂಡಿರುತ್ತದೆ. ಓಮದ ಅರ್ಕವೂ ಬಹುಪಾಲು ನೀರೇ. ಭಟ್ಟಿಯ ಎಣ್ಣೆ ಹಾಗಲ್ಲ: 100 ಕಿಲೋ ಓಮದಿಂದ ಇಳಿಯುವುದು ಎರಡರಿಂದ ನಾಲ್ಕು ಕಿಲೋ ಮಾತ್ರ. ಅದರಲ್ಲಿ ಥೈಮಾಲ್ ಎಂಬ ತೀಕ್ಷ್ಣ ದ್ರವ್ಯವೇ ಪ್ರಧಾನ. ನೀರಿನಲ್ಲಿ ಕರಗದೆ ತೇಲುವ ಆ ಹನಿ ಬಾಯಿ, ಅನ್ನನಾಳ, ಜಠರಗಳ ಒಳಪೊರೆಗೆ ನೇರವಾಗಿ ತಾಗುತ್ತದೆ. ಓಮದ ಕಾಳು ನಿರಪಾಯ, ಆದುದರಿಂದ ಅದರ ಎಣ್ಣೆಯೂ ನಿರಪಾಯ ಎಂಬ ತರ್ಕ ಇಲ್ಲಿ ಸಲ್ಲದು.

ಕೂಸುಗಳ ವಿಷಯದಲ್ಲಂತೂ ನಾವು ಕಠಿಣವಾಗಿಯೇ ಹೇಳುತ್ತೇವೆ. ಬಹಳ ವರ್ಷಗಳ ಹಿಂದೆ, ನೆಗಡಿಯಾದ ಎಂಟು ತಿಂಗಳ ಮಗುವಿಗೆ ಎದೆಹಾಲಿನಲ್ಲಿ ನೀಲಗಿರಿ ಎಣ್ಣೆ ಕಲಸಿ ಕುಡಿಸಿದ ಅಜ್ಜಿಯೊಬ್ಬರು, ಮಂಪರು ಕವಿದ ಆ ಮಗುವನ್ನೆತ್ತಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಓಡಿಬಂದಿದ್ದರು. ನಾವೇನೂ ಮಾಡಲು ಹೋಗದೆ ದೊಡ್ಡಾಸ್ಪತ್ರೆಗೆ ಸಾಗಿಸಿದೆವು, ಮಗು ಉಳಿಯಿತು. ನೀಲಗಿರಿ ಎಣ್ಣೆಯಾಗಲಿ ಕರ್ಪೂರವಾಗಲಿ ಅಲ್ಪಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿರಿ, ಸೀಸೆಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಶಿಶುವಿನ ಮೂಗಿಗೂ ಎದೆಗೂ ಇವನ್ನು ಹಚ್ಚುವುದು ಬೇಡ.

ಹೊಸ ಯಂತ್ರಗಳು ಅಗ್ಗವಾದಂತೆ ಇಂಥ ಸೀಸೆಗಳು ಇನ್ನಷ್ಟು ಮನೆಗಳನ್ನು ಸೇರಲಿವೆ. ಆ ಭಕ್ತರು ತಂದ ಸೀಸೆಯ ಮೇಲೆ 'ನೈಸರ್ಗಿಕ' ಎಂಬುದು ದಪ್ಪಕ್ಷರದಲ್ಲಿತ್ತು. ಹೊಟ್ಟೆಗೆ ತೆಗೆದುಕೊಳ್ಳಬಾರದೆಂಬ ಸೂಚನೆಯನ್ನು ಓದಲು ನಾವು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಈ ಅಕ್ಷರಗಳು ಅದಲುಬದಲಾಗಬೇಕು, ಅದೂ ಕನ್ನಡದಲ್ಲಿ.

ಕುಡಿಯುವುದನ್ನು ಬಿಟ್ಟ ಮೇಲೆ ಅವರ ಹೊಟ್ಟೆಯುರಿ ಶಮನವಾಯಿತು. ಉಳಿದುದನ್ನು ಚೆಲ್ಲಲು ಅವರಿಗೆ ಮನಸ್ಸಿರಲಿಲ್ಲ. ಎರಡು ದೊಡ್ಡ ಚಮಚ ಎಳ್ಳೆಣ್ಣೆಗೆ ಐದಾರು ಹನಿ ಬೆರೆಸಿ ಮಂಡಿಗೆ ಹಚ್ಚಿಕೊಳ್ಳಿರಿ, ಸೀಸೆಯನ್ನು ಮೊಮ್ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿಡಿರಿ ಎಂದೆವು.