ಟ್ರ್ಯಾಕ್ ಯಾವುದಾದರೇನು ಅನ್ನುವವರಿಗೆ

‘ರೇಸ್ ನೋಡೋಕೆ ಟ್ರ್ಯಾಕ್ ಯಾವುದಾದರೇನು, ಗಾಡಿ ಜೋರಾಗಿ ಓಡಿದರೆ ಸಾಕು.’ ಶಿರಾ, ಮಧುಗಿರಿ ಕಡೆ ಫಾರ್ಮುಲಾ ಒನ್ ಮಾತೆದ್ದರೆ ಯಾರಾದರೊಬ್ಬರು ಹೀಗೆ ಹೇಳಿ ಚರ್ಚೆ ಮುಗಿಸಿಬಿಡುತ್ತಾರೆ. ಅಷ್ಟು ಸುಲಭಕ್ಕೆ ಮುಗಿಯುವ ವಿಷಯವೇ ಇದು?

ಓಡಿಸುವವನು ಗಟ್ಟಿಗನಾದರೆ ಎಲ್ಲಾದರೂ ಗೆಲ್ಲುತ್ತಾನೆ ಎಂಬುದು ಅವರ ಮೊದಲ ವಾದ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟಿನಲ್ಲಿ 2011ರಿಂದ 2013ರವರೆಗೆ ಮೂರೂ ಸಲ ರೆಡ್ ಬುಲ್ ತಂಡದ ವೆಟ್ಟೆಲ್ಲೇ ಗೆದ್ದನಲ್ಲ ಎಂಬ ಸಾಕ್ಷಿ ಬೇರೆ. ಸರಿ, 2023ಕ್ಕೆ ಬನ್ನಿ. ಆ ವರ್ಷದ 22 ರೇಸುಗಳಲ್ಲಿ ರೆಡ್ ಬುಲ್ 21 ಗೆದ್ದಿತು. ಕೈತಪ್ಪಿದ್ದು ಸಿಂಗಾಪುರ ಒಂದೇ. ಓಡಿಸಿದ ವರ್ಸ್ಟಾಪನ್ ಅವನೇ, ತಂಡವೂ ಅದೇ. ಆದರೆ ಊರೊಳಗಿನ ಉಬ್ಬುತಗ್ಗಿನ ರಸ್ತೆ, ನಿಧಾನದ ತಿರುವುಗಳು ಆ ಕಾರಿಗೆ ಒಗ್ಗಲಿಲ್ಲ. ಫೆರಾರಿಯ ಸೈಂಜ್ ಗೆದ್ದ. ವರ್ಷವಿಡೀ ಒಂದೇ ರಾಗ ಕೇಳಿದ ನಮಗೆ ಆ ಸಂಜೆ ಟೀವಿ ಮುಂದೆ ಕೂತದ್ದು ಸಾರ್ಥಕವಾಯಿತು.

ಟೀವಿಯಲ್ಲಿ ನೋಡುವವರಿಗೆ ಟ್ರ್ಯಾಕ್ ಯಾವುದಾದರೇನು ಅಂತಾರೆ. ಟೀವಿ ನೋಡುವವರಿಗೇ ಹೆಚ್ಚು ಪೆಟ್ಟು ಸ್ವಾಮಿ. ಮೊನಾಕೊಗೆ ಹೋದವರು ಸಮುದ್ರ, ದೋಣಿ ನೋಡಿಯಾದರೂ ಬರುತ್ತಾರೆ. 2024ರಲ್ಲಿ ಅಲ್ಲಿ ಮೊದಲ ಹತ್ತು ಸ್ಥಾನಗಳಲ್ಲಿ ಹೊರಟವರು ಅದೇ ಸಾಲಿನಲ್ಲೇ ಬಂದು ಮುಗಿಸಿದರು. ಹಿಂದಿಕ್ಕಲು ಜಾಗವಿಲ್ಲದ ಇಕ್ಕಟ್ಟಿನ ರಸ್ತೆಯಲ್ಲಿ 78 ಸುತ್ತು! ಮನೆಯಲ್ಲಿ ಕೂತವನಿಗೆ ಉಳಿದದ್ದು ಆಕಳಿಕೆ.

ಇನ್ನೊಂದು ವಾದ: ‘ಕಾಯಂ ಟ್ರ್ಯಾಕ್ ಕಟ್ಟಿದರೆ ಬುದ್ಧ ಸರ್ಕೀಟಿನ ಗತಿಯೇ; ಊರ ರಸ್ತೆಯಲ್ಲೇ ಓಡಿಸಲಿ.’ ಬುದ್ಧ ಸರ್ಕೀಟಿನಲ್ಲಿ ಫಾರ್ಮುಲಾ ಒನ್ ನಿಂತದ್ದಕ್ಕೆ ದೊಡ್ಡ ಕಾರಣ ತೆರಿಗೆ ತಕರಾರು. ತಿರುವುಗಳ ತಪ್ಪೇನೂ ಇರಲಿಲ್ಲ. 2023ರಲ್ಲಿ ಬೈಕುಗಳ ಮೋಟೋಜಿಪಿ ಬಂದದ್ದೂ ಅಲ್ಲಿಗೇ. ಅದೇ ವರ್ಷ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ವಿದ್ಯುತ್ ಕಾರುಗಳ ಫಾರ್ಮುಲಾ ಇ ನಡೆಯಿತು, ಸರ್ಕಾರ ಬದಲಾಯಿತು, 2024ರದ್ದು ರದ್ದಾಯಿತು. ಊರ ರಸ್ತೆಗೂ ಗ್ಯಾರಂಟಿ ಇಲ್ಲ.

ಇನ್ನು ನಮ್ಮವರೇ ಹೇಳುವ ಮಾತು: ‘ಪಾವಗಡದಲ್ಲಿ ಬಯಲಿಗೇನು ಬರ? ಅಲ್ಲೇ ಒಂದು ಕಟ್ಟಲಿ.’ ಬಯಲಿದ್ದ ಮಾತ್ರಕ್ಕೆ ರೇಸ್ ಹುಟ್ಟುವುದಿಲ್ಲ. ಬುದ್ಧ ಸರ್ಕೀಟಿನ ಚಪ್ಪಟೆ ನೆಲಕ್ಕೆ ಏರಿಳಿತ ಕೊಡಲು ಗುಡ್ಡಗಟ್ಟಲೆ ಮಣ್ಣು ಹೊರಬೇಕಾಯಿತು. ಪಾವಗಡದ 13,000 ಎಕರೆ ಈಗಾಗಲೇ ಸೋಲಾರ್ ಪಾರ್ಕಿನಲ್ಲಿದೆ. ಮಿಕ್ಕ ಜಮೀನಿನ ರೈತರಿಗೆ ಶೇಂಗಾ ಬೆಳೆಯಲು ಬಿಡಿ. ಡಾಂಬರಿನ ರೇಸ್ ಬೇಕಾದವರಿಗೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯ 3.7 ಕಿಲೋಮೀಟರ್ ಟ್ರ್ಯಾಕ್ 1990ರಿಂದಲೂ ಇದೆ.

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ನಮ್ಮ ಈ ನಾಲ್ಕು ತಾಲ್ಲೂಕಿಗೆ ಒಪ್ಪುವುದು ರ‍್ಯಾಲಿ. ಕಾರುಗಳು ಒಂದೊಂದಾಗಿ ಹೊರಡುವ ಅಲ್ಲಿ ದಾರಿಯೇ ಎದುರಾಳಿ. ಒಣ ಗರಸಿನ ಮೇಲೆ ಮೊದಲು ಹೊರಟ ಕಾರು ಸಡಿಲ ಕಲ್ಲು, ಪುಡಿಮಣ್ಣು ಬದಿಗೆ ಗುಡಿಸುತ್ತಾ ಜಾರುತ್ತದೆ. ಹಿಂದೆ ಬಂದವನ ಟೈರಿಗೆ ಗಟ್ಟಿ ನೆಲ ಸಿಕ್ಕಿ ಸೆಕೆಂಡುಗಳು ಉಳಿಯುತ್ತವೆ. ಒಂದು ಹದ ಮಳೆ ಬಿತ್ತೋ, ಲೆಕ್ಕ ತಲೆಕೆಳಗು: ಮೊದಲಿನವನಿಗೆ ತುಳಿಯದ ದಾರಿ, ಹಿಂದಿನವನಿಗೆ ಕೆಸರಿನ ಕೊರಕಲು. ಗಾಳಿ ನಿಂತ ದಿನ ಧೂಳು ಕೆಳಗಿಳಿಯುವುದೇ ಇಲ್ಲ, ಆಗ ಎರಡು ಕಾರುಗಳ ನಡುವೆ ಹೆಚ್ಚು ಅಂತರ ಬಿಡಬೇಕು. ಹೊಲದ ದಾರಿಯಲ್ಲಿ ಟಿವಿಎಸ್ ಓಡಿಸಿದ ಪಾವಗಡದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೆ ದಶಕಗಳ ಇತಿಹಾಸವಿದೆ. ಅದನ್ನು ನಡೆಸುವವರಲ್ಲಿ ಒಂದೇ ಕೋರಿಕೆ: ಗಡಿಯಾರದ ಎದುರು ಓಡುವ ಸ್ಟೇಜುಗಳನ್ನು ಗೊತ್ತು ಮಾಡುವ ಮುನ್ನ ಕೊರಟಗೆರೆ, ಮಧುಗಿರಿ ಬೆಟ್ಟಗಳ ತಪ್ಪಲಿನ ಮಣ್ಣುದಾರಿಗಳನ್ನೊಮ್ಮೆ ನೋಡಿಹೋಗಿ. ಊರವರನ್ನು ಕೇಳಿ ದಿನ ಗೊತ್ತುಮಾಡಿ, ಜನ ನಿಲ್ಲಲು ತಿರುವಿನ ಒಳಬದಿಯ ದಿಬ್ಬಗಳಲ್ಲಿ ಹಗ್ಗ ಕಟ್ಟಿ. ನಾವು ಬರುತ್ತೇವೆ.